ಸಂಜೆಯ ಅರ್ಧ ದರಕ್ಕಾಗಿ ಮುರಿಗೆಪ್ಪ ಮಾಸ್ತರರು ಹೂಡಿದ ಮಹಾಸಮರ

ತಂತಿಯೊಳಗೆ ತಣ್ಣಗೆ ಹರಿದು, ಮುಟ್ಟಿದವನ ಮೈಯೆಲ್ಲ ಜುಮ್ಮೆನಿಸಿ, ಬೇಕೆಂದಾಗ ಬಾರದೆ ಬೇಡವೆಂದಾಗ ಬಂದು ಬಲ್ಬು ಸುಡುವ, ಕಂಬಕಂಬದಲ್ಲೂ ನೆಲೆಸಿ ಯಾರ ಕಣ್ಣಿಗೂ ಬೀಳದ ವಿದ್ಯುದ್ದೇವಿಯೇ, ನಿನಗೆ ನಮಸ್ಕಾರ. ಈ ಕಥೆ ಮುಗಿಯುವ ತನಕ ದಯವಿಟ್ಟು ಹೋಗಬೇಡ. ನೀನು ಹೋದರೆ ನನ್ನ ಫ್ಯಾನು ನಿಲ್ಲುತ್ತದೆ, ಫ್ಯಾನು ನಿಂತರೆ ನನಗೆ ಉದ್ದುದ್ದ ಸಮಾಸಗಳು ಹೊಳೆಯುವುದಿಲ್ಲ.

ಕೃತಯುಗಕ್ಕೆ ತಪಸ್ಸು, ತ್ರೇತೆಗೆ ಯಜ್ಞ, ದ್ವಾಪರಕ್ಕೆ ಪೂಜೆ ಎಂದು ತಿಳಿದವರು ಹೇಳುತ್ತಾರೆ. ಕಲಿಯುಗದ, ಅದರಲ್ಲೂ ಮನೆಮನೆಯ ಗೋಡೆಯ ಮೇಲೆ ಮೀಟರು ಕೆಂಪು ಕಣ್ಣು ಮಿಟುಕಿಸತೊಡಗಿದ ಈ ಮೊದಲ ಪಾದದ, ಪರಮ ಪುರುಷಾರ್ಥವೋ ಉಳಿತಾಯ. ಅಂಥ ಯುಗದಲ್ಲಿ, ಗದಗ ಪಟ್ಟಣದ ಅರಳೆಪೇಟೆ ಓಣಿಯಲ್ಲಿ, ಕವಲೂರಕುಲಕಲಶನೂ, ಕವಾಯತುಕಲಾಕೋವಿದನೂ, ಶತಬಾಲಕಭಯಂಕರನೂ, ಸಕಲಸ್ವಿಚ್ಚುಶಮನಶೀಲನೂ ಆದ ಮುರಿಗೆಪ್ಪನೆಂಬ ಮಹಾವೀರನಿದ್ದನು. ಲೋಕದವರು ಆತನನ್ನು ಹೈಸ್ಕೂಲಿನ ಪಿ.ಟಿ. ಮಾಸ್ತರ ಎನ್ನುತ್ತಿದ್ದರು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ಆತನು ಮೂರು ಮನೆ ಆಚೆ ಕುಳಿತಿದ್ದರೂ ಎದ್ದು ಬಂದು ಸ್ವಿಚ್ಚು ಆರಿಸುತ್ತಿದ್ದನು. ಆತನ ಕೊರಳಲ್ಲಿ ಸದಾ ತೂಗುತ್ತಿದ್ದ ಸೀಟಿಗೆ ಕರ್ಣಭೇದಿನಿ ಎಂದು ಹೆಸರು. ಆ ಹೆಸರು ನಾನಿಟ್ಟದ್ದು. ಓಣಿಯವರು ಇಟ್ಟದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆತನ ಧರ್ಮಪತ್ನಿ ಕಸ್ತೂರೆವ್ವ. ಬೆಳಕು ಹರಿಯುವ ಮೊದಲೇ ಎದ್ದು, ರೊಟ್ಟಿ ಬಡಿದು, ಅತ್ತೆ ಶಂಕ್ರವ್ವನಿಗೆ ಗುಳಿಗೆ ನುಂಗಿಸಿ, ರುಬ್ಬಿ, ಒಗೆದು, ಒಣಗಿಸಿ, ಮಡಚಿ, ಸಂಜೆ ದೇವರಿಗೆ ದೀಪ ಹಚ್ಚಿದಳೆಂದರೆ ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕುಳಿತುಬಿಡುತ್ತಿದ್ದಳು. ಪಕ್ಕದ ಮನೆಯ ಮಹಾದೇವಿಯೂ ಬಂದು ಸೇರುತ್ತಿದ್ದಳು. ಊಟದ ಹೊತ್ತಿನವರೆಗೆ ಅವರಿಬ್ಬರು ಅಲ್ಲಿ ಏನು ಮಾಡುತ್ತಿದ್ದರೆಂದರೆ, ಏನೂ ಮಾಡುತ್ತಿರಲಿಲ್ಲ. ಮಾತಾಡುತ್ತಿದ್ದರು, ನಗುತ್ತಿದ್ದರು, ಹೋಗಿಬರುವವರ ಸೀರೆ ನೋಡುತ್ತಿದ್ದರು. ಇಡೀ ದಿನದಲ್ಲಿ ಕಸ್ತೂರೆವ್ವನದು ಎನ್ನಬಹುದಾದದ್ದು ಅದೊಂದೇ ಹೊತ್ತು. ಅದಕ್ಕೂ ಯಾರಾದರೂ ಕೈ ಹಾಕಬಹುದೆಂದು ಆಕೆ ಎಂದೂ ಎಣಿಸಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ, ದಿನಪತ್ರಿಕೆಯ ಮಡಿಕೆಯಿಂದ ಹಳದಿ ಬಣ್ಣದ ಕರಪತ್ರವೊಂದು ಜಾರಿ ಮಾಸ್ತರರ ತೊಡೆಯ ಮೇಲೆ ಬಿದ್ದಿತು. ಕರೆಂಟಿನವರ ಹೊಸ ಯೋಜನೆ. ಒಪ್ಪಿಕೊಂಡ ಮನೆಗೆ ಸಂಜೆ ಆರರಿಂದ ಹತ್ತರವರೆಗೆ ಅರ್ಧ ದರ, ಅದಕ್ಕೆ ಬದಲಾಗಿ ಹಗಲಿನ ದರ ಮೊದಲಿಗಿಂತ ತುಸು ಹೆಚ್ಚು. ಬೇಡವಾದವರು ಹಳೆಯ ದರದಲ್ಲೇ ಇರಬಹುದು. ಓದುತ್ತ ಓದುತ್ತ ವೀರನ ಮೀಸೆ ಅದುರಿತು, ಮೂಗಿನ ಹೊಳ್ಳೆ ಅರಳಿತು, ಚಹಾ ಆರಿತು. ಆತನು ಎದ್ದು ನಿಂತು ಕರ್ಣಭೇದಿನಿಯನ್ನು ಊದಲು, ಅಡುಗೆಮನೆಯಿಂದ ಹೆಂಡತಿಯೂ ಹಾಸಿಗೆಯಿಂದ ತಾಯಿಯೂ ಗಾಬರಿಯಾಗಿ ಪಡಸಾಲೆಗೆ ಬಂದರು.

“ಕೇಳಿರಿ, ಕವಲೂರ ಮನೆತನದವರೇ!” ಎಂದು ಆತನು ಸ್ವಾತಂತ್ರ್ಯೋತ್ಸವದ ಭಾಷಣಕ್ಕೆಂದೇ ಕಾದಿಟ್ಟ ಧ್ವನಿಯಲ್ಲಿ ಗರ್ಜಿಸಿದನು. “ಈ ಮುರಿಗೆಪ್ಪನ ತೋಳಿನಲ್ಲಿ ಕಸುವಿರುವವರೆಗೆ, ಹಗಲಿನ ದುಬಾರಿ ವಿದ್ಯುತ್ತಿನ ಒಂದು ಹನಿಯೂ ಇನ್ನು ಈ ಹೊಸ್ತಿಲನ್ನು ದಾಟಲಾರದು! ರುಬ್ಬುವ, ಒಗೆಯುವ, ಉಜ್ಜುವ ಸಕಲ ಯಂತ್ರಗಳಿಗೂ ಸೂರ್ಯಾಸ್ತದವರೆಗೆ ಮೌನವ್ರತ! ಸಂಜೆ ಆರು ಹೊಡೆಯಿತೋ, ಎಲ್ಲವೂ ಒಂದೇ ಕಾಲಕ್ಕೆ ಆರ್ಭಟಿಸತಕ್ಕದ್ದು! ಉಳಿತಾಯದ ವಿಜಯಧ್ವಜವನ್ನು ನಾನು ನಮ್ಮ ಮಾಳಿಗೆಯ ಮೇಲೆ ನೆಡುತ್ತೇನೆ!”

“ಮಾಳಗಿ ಮ್ಯಾಲೆ ಮೆಣಸಿನಕಾಯಿ ಹಾಕೀವೋ ಯಪ್ಪಾ, ತುಳದಗಿಳದೀಯ,” ಎಂದಳು ಶಂಕ್ರವ್ವ. ಆಮೇಲೆ ವಿಷಯ ತಿಳಿದು ಆಕೆಯ ಮುಖ ಗಂಟಿಕ್ಕಿತು. “ದೀಪಾ ಹಚ್ಚೋ ಹೊತ್ತಿನ್ಯಾಗ ಅರಿಬಿ ಒಗೀತಾರೇನೋ? ಲಕ್ಷ್ಮಿ ಮನಿಗೆ ಬರೋ ಹೊತ್ತದು.”

“ಯವ್ವಾ, ಅರ್ಧ ದರದಾಗ ಬರಾಕಿ ಆಕೀನ ಅಲ್ಲೇನು?” ಎಂದನು ವೀರನು.

ಕಸ್ತೂರೆವ್ವ ಸೆರಗಿಗೆ ಕೈ ಒರೆಸಿಕೊಂಡು ಒಂದೇ ಒಂದು ಮಾತು ಕೇಳಿದಳು. “ಅಲ್ರೀ, ಸಂಜಿಮುಂದ ಇವನ್ನೆಲ್ಲಾ ನಡಸೋರು ಯಾರು?”

“ಮನಿಯವರು.”

“ಮನಿಯವರಂದ್ರ?”

ವೀರನು ಗೋಡೆಯ ಕ್ಯಾಲೆಂಡರನ್ನು ನೋಡಿದನು.

“ನನ್ನ ಕಡಿ ಅಂತೂ ನೋಡಬ್ಯಾಡ್ರಿ,” ಎಂದಳು ಆಕೆ. ಧ್ವನಿ ಏರಿರಲಿಲ್ಲ, ಆದರೆ ಕಣ್ಣಲ್ಲಿ ನೀರಿನ ಪಸೆ ಇತ್ತು. “ಮುಂಜಾನಿಂದ ನಾನೂ ತಿರುಗೇ ತಿರುಗತೀನಿ, ಕರೆಂಟಿಲ್ಲದ ತಿರುಗತೀನಿ. ಸಂಜಿಮುಂದ ಒಂದೀಟು ಕಟ್ಟಿ ಮ್ಯಾಲೆ ಕೂಡ್ತೀನಿ. ಅದನ್ನೂ ಕಸಗೋತೀರೇನು? ದರಾ ಆರಿಸಿದವರ ಮಷಿನ್ನೂ ನಡಸ್ಲಿ. ನೀವ ನಡಸ್ರಿ, ನಾ ಬ್ಯಾಡ ಅನ್ನಂಗಿಲ್ಲ.”

ಇಲ್ಲಿ ವಿವೇಕಿಯಾದವನು ಕರಪತ್ರವನ್ನು ಮಡಚಿ ಹಲ್ಲಿನ ಸಂದಿ ಕೆದಕಿಕೊಂಡು ಸುಮ್ಮನಾಗುತ್ತಿದ್ದನು. ಆದರೆ ನೂರು ಹುಡುಗರನ್ನು ಒಂದು ಸೀಟಿಗೆ ನೆಟ್ಟಗೆ ನಿಲ್ಲಿಸುವ ಗಂಡಸು, ತನಗೆ ಗ್ರೈಂಡರ್ ನಡೆಸಲು ಬರುವುದಿಲ್ಲವೆಂದು ಹೆಂಡತಿಯ ಎದುರಿಗೆ ಹೇಗೆ ಒಪ್ಪಿಕೊಂಡಾನು? “ನಾನ ನಡಸ್ತೀನಿ!” ಎಂದು ಆತನು ಎದೆ ತಟ್ಟಿಕೊಂಡನು. ಆ ಹೊಡೆತಕ್ಕೆ ಸೀಟಿ ಒಮ್ಮೆ ಕುಣಿಯಿತು. ಮರುದಿನವೇ ಅರ್ಜಿಯಲ್ಲಿ ಉದ್ದ ಬಾಲದ ಸಹಿ ಹಾಕಿ, ಕರೆಂಟ್ ಆಫೀಸಿನ ಪೆಟ್ಟಿಗೆಯಲ್ಲಿ ಸ್ವಹಸ್ತದಿಂದ ಹಾಕಿ, ಮನೆಗೆ ಬಂದು ಲುಂಗಿ ಎತ್ತಿ ಕಟ್ಟಿದನು.

ಆಹಾ, ಆ ಮೊದಲ ಸಂಜೆಯ ಸಮರವನ್ನು ಏನೆಂದು ಬಣ್ಣಿಸಲಿ! ಗಡಿಯಾರದ ಮುಳ್ಳು ಆರರ ಮೇಲೆ ಬಂದು ನಿಲ್ಲುತ್ತಲೂ ಕರ್ಣಭೇದಿನಿ ಮೊಳಗಿತು, ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ಎದುರಿಗೆ ಗುಂಡುಕಲ್ಲಿನ ಹಲ್ಲು ಮಸೆಯುತ್ತ ಘರ್ಘರಘೋಷಘೋರನಾದ ಗ್ರೈಂಡರು. ಬಲಕ್ಕೆ, ಅರಿವೆಭಕ್ಷಕನೂ ಫೇನವಮನಶೀಲನೂ ಆದ ವಾಷಿಂಗ್ ಮಷಿನ್ನು. ಎಡಕ್ಕೆ, ತಪ್ತಲೋಹಜಿಹ್ವನಾದ ಇಸ್ತ್ರಿ ಪೆಟ್ಟಿಗೆ. ಹಿತ್ತಲಿನಲ್ಲಿ, ನೀರೆಳೆಯುವ ಮೋಟರು. ನಾಲ್ಕೂ ದಿಕ್ಕಿನಿಂದ ಮುತ್ತಿದ ಈ ನಾಲ್ವರನ್ನು ಒಬ್ಬೊಬ್ಬರಾಗಿ ಎದುರಿಸುವುದು ಹೇಡಿಗಳ ಮಾರ್ಗವೆಂದು ಬಗೆದ ಏಕಾಂಗವೀರನು, ನಾಲ್ಕು ಸ್ವಿಚ್ಚನ್ನೂ ಚಕಚಕನೆ ಒತ್ತಿದನು. ಮನೆ ನಡುಗಿತು. ಪಾತ್ರೆಗಳು ಕುಣಿದವು. ಮರುಕ್ಷಣ ಮೀಟರ್ ಬೋರ್ಡಿನಲ್ಲಿ ‘ಟಪ್’ ಎಂದಿತು, ಮತ್ತು ಸಮರಭೂಮಿಯಲ್ಲಿ ಕತ್ತಲೆ ಕವಿಯಿತು.

“ಏನ್ರೀ, ಮೇನ್ ಬಿತ್ತೇನು?” ಎಂದು ಕಟ್ಟೆಯಿಂದ ಕಸ್ತೂರೆವ್ವನ ಧ್ವನಿ ಬಂದಿತು.

“ಬಿದ್ದಿಲ್ಲ! ನಾನ ಬೀಳ್ಸೀನಿ!” ಎಂದು ಕತ್ತಲಲ್ಲಿ ಮೊಣಕಾಲು ಉಜ್ಜಿಕೊಳ್ಳುತ್ತ ವೀರನು ಉತ್ತರಿಸಿದನು.

ಅಂದಿನಿಂದ ಯುದ್ಧವು ಸಂಜೆ ಸಂಜೆಗೂ ನಡೆಯಿತು. ಅಕ್ಕಿ ಉದ್ದು ಎರಡನ್ನೂ ಒಟ್ಟಿಗೇ ಸುರಿದ ದಿನ, ಹಿಟ್ಟು ಕಲ್ಲಿನ ಹೆಗಲೇರಿ ಹೊರಗೆ ಹಾರಿ ವೀರನ ಮೀಸೆಗೆ ಬಿಳಿ ಬಳಿಯಿತು. ಇಸ್ತ್ರಿ ಪೆಟ್ಟಿಗೆ ತನ್ನ ಗುರುತನ್ನು ಕ್ರೀಡಾಕೂಟದ ಬನಿಯನ್ನಿನ ನಡುಬೆನ್ನಿಗೆ ಕಂದುಬಣ್ಣದಲ್ಲಿ ಒತ್ತಿತು. ಕಡುಘಾತವೆಂದರೆ, ಕಸ್ತೂರೆವ್ವನ ಹೊಸ ಕೆಂಪು ಇಳಕಲ್ ಸೀರೆಯನ್ನೂ ತನ್ನ ಬಿಳಿಯ ಪಿ.ಟಿ. ಪ್ಯಾಂಟುಗಳನ್ನೂ ಆತನು ಒಂದೇ ಸುತ್ತಿಗೆ ಹಾಕಿದ್ದು. ಮರುದಿನ ಶತಬಾಲಕಭಯಂಕರನು ತಿಳಿಗುಲಾಬಿ ಬಣ್ಣದ ಪ್ಯಾಂಟು ತೊಟ್ಟು ಮೈದಾನಕ್ಕೆ ಇಳಿದು “ಸಾವಧಾನ್!” ಎಂದನು. ನೂರು ಹುಡುಗರು ನೆಟ್ಟಗೆ ನಿಂತರು, ನೂರು ಹೊಟ್ಟೆಗಳು ಮಾತ್ರ ಅಲುಗಾಡುತ್ತಿದ್ದವು.

ಹಗಲಿನ ವ್ರತವೂ ಕಠಿಣವಾಗಿಯೇ ನಡೆಯಿತು. ಮಾಸ್ತರರು ಮನೆಯಲ್ಲಿರುವಷ್ಟು ಹೊತ್ತು ಶಂಕ್ರವ್ವ ಬೀಸಣಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವರು ಶಾಲೆಯ ತಿರುವು ದಾಟುತ್ತಲೂ ಫ್ಯಾನು ಹಚ್ಚುತ್ತಿದ್ದಳು. ಇದನ್ನು ಈ ಕವಿ ಈವರೆಗೆ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಆದರೆ ವೀರನೆಂದರೆ ವೀರನೇ. ಬಿದ್ದು ಎದ್ದು ಆತನು ಕಲಿತನು. ಉದ್ದನ್ನು ಬೇರೆ ರುಬ್ಬಬೇಕೆಂಬುದನ್ನು ಕಲಿತನು, ಕೆಂಪು ಬಟ್ಟೆಯನ್ನು ದೂರವಿಡುವುದನ್ನು ಕಲಿತನು, ಬೆರಳಿಗೆ ನೀರು ಹಚ್ಚಿ ಇಸ್ತ್ರಿಯ ಕಾವು ನೋಡುವುದನ್ನೂ ಕಲಿತನು. ಹೊರಗೆ ಕಟ್ಟೆಯ ಮೇಲೆ ಕಸ್ತೂರೆವ್ವನ ನಗು ದಿನದಿನಕ್ಕೆ ಸಡಿಲವಾಯಿತು. ಒಂದು ಸಂಜೆ ಆಕೆ ಕಾಲನ್ನು ಕಟ್ಟೆಯ ಮೇಲೆಯೇ ಚಾಚಿ, ಕಂಬಕ್ಕೆ ಒರಗಿ ಕುಳಿತದ್ದನ್ನು ಕಂಡು ಮಹಾದೇವಿಗೂ ಸಂತೋಷವಾಯಿತು.

ಕಡೆಗೆ ಬಿಲ್ಲಿನ ದಿನ ಬಂದಿತು. ವೀರನು ಅದನ್ನು ಎರಡೂ ಕೈಯಿಂದ ಸ್ವೀಕರಿಸಿ ಮೊತ್ತವನ್ನು ನೋಡಿದನು. ಹೋದ ತಿಂಗಳು ಎಷ್ಟೋ, ಈ ತಿಂಗಳೂ ಹೆಚ್ಚುಕಮ್ಮಿ ಅಷ್ಟೇ. ಒಂದು ತಿಂಗಳ ರುಬ್ಬು, ಒಗೆತ, ಸುಟ್ಟ ಬೆರಳು, ಗುಲಾಬಿ ಪ್ಯಾಂಟು, ಎಲ್ಲವೂ ಆತನ ಕಣ್ಣ ಮುಂದೆ ಹಾದುಹೋದವು. “ದ್ರೋಹ!” ಎಂದು ಕೂಗಿ ಸೈಕಲ್ಲೇರಿದನು.

ಕರೆಂಟ್ ಆಫೀಸಿನ ಕಿಟಕಿಯ ಮುಂದೆ ನಿಂತು, ಹಿಂದೆ ಸಾಲುಗಟ್ಟಿದವರೆಲ್ಲ ಬೆಚ್ಚುವಂತೆ, ಆತನು ಗುಡುಗಿದನು. “ಎಲೈ ವಿದ್ಯುತ್ಪಾಲಕರೇ! ಅರ್ಧ ದರದ ಆಸೆ ತೋರಿಸಿ ಪೂರ್ತಿ ದರ ಹಿಂಡುವ ನಿಮ್ಮ ಈ ಕಪಟನಾಟಕ ಕವಲೂರ ಮನೆತನದ ಮುಂದೆ ನಡೆಯದು! ಒಂದು ತಿಂಗಳು ಅಖಂಡವಾಗಿ ಸಂಜೆಯ ವೇಳೆಯಲ್ಲೇ ನಾನು...” ಇಲ್ಲಿ ಆತನು ತಡವರಿಸಿದನು, ಏಕೆಂದರೆ ‘ಅರಿಬಿ ಒಗೆದೆ’ ಎಂಬುದನ್ನು ಅಷ್ಟು ಜನರ ಮುಂದೆ ಭವ್ಯವಾಗಿ ಹೇಳುವ ಮಾತು ಹೊಳೆಯಲಿಲ್ಲ.

ಕಿಟಕಿಯೊಳಗಿನ ಹೆಣ್ಣುಮಗಳು ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು. “ಮೀಟರ್ ಯಾರ ಹೆಸರಿನ್ಯಾಗ ಐತ್ರಿ ಸರ?”

“ನಮ್ಮ ಮನಿತನದ್ದು!”

“ಮನಿತನದ್ದಲ್ರೀ, ಹೆಸರು. ಇಲ್ಲೆ ಸಂಗನಬಸಪ್ಪ ಕವಲೂರ ಅಂತ ಐತಿ.”

“ಅವರು ನಮ್ಮ ಅಪ್ಪಾರು.”

“ಅರ್ಜಿಗೆ ನೀವು ಸಹಿ ಮಾಡೀರಲ್ರೀ, ನಡ್ಯಂಗಿಲ್ಲ. ಮೀಟರ್ ಯಾರದೋ ಅವರದ ಸಹಿ ಬೇಕು. ಒಮ್ಮೆ ಕರ್ಕೊಂಡು ಬರ್ರಿ.”

“ಅವರು... ತೀರಿಕೊಂಡು ಭಾಳ ವರ್ಷ ಆತ್ರಿ.”

ಹೆಣ್ಣುಮಗಳು ಈಗ ಕಣ್ಣೆತ್ತಿದಳು. “ಹಂಗಾರ ಮೊದಲ ಹೆಸರು ಬದಲಿ ಮಾಡಸ್ರಿ. ಆಮ್ಯಾಲೆ ದರದ್ದು ನೋಡೂಣು. ಈಗ ನಿಮ್ಮದು ಹಳೇ ದರಾನ ನಡದೈತಿ. ಮುಂದಿನವರು ಬರ್ರಿ.”

ಬಿಲ್ಲಿನ ತಲೆಯ ಮೇಲೆ ತಿಂಗಳು ತಿಂಗಳೂ ಅಚ್ಚಾಗಿ ಬರುತ್ತಿದ್ದ ತಂದೆಯ ಹೆಸರನ್ನು ವೀರನು ಅಂದೇ ಮೊದಲ ಬಾರಿಗೆ ಓದಿದನು. ಅಷ್ಟು ವರ್ಷ ಆತನ ಕಣ್ಣು ನೇರವಾಗಿ ಕೆಳಗಿನ ಮೊತ್ತಕ್ಕೇ ಹೋಗುತ್ತಿತ್ತು. ಅಪ್ಪನ ನೆನಪಾಗಿ ಒಂದು ಗಳಿಗೆ ಆ ಹೆಸರಿನ ಮೇಲೆ ಬೆರಳಾಡಿಸಿದನು, ಮರುಗಳಿಗೆ ಗ್ರೈಂಡರಿನ ನೆನಪಾಗಿ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದನು.

ಸೈಕಲ್ಲನ್ನು ತಳ್ಳಿಕೊಂಡು ಮನೆಯ ಕಡೆ ನಡೆಯುತ್ತ ಆತನು ಧರ್ಮಸಂಕಟಕ್ಕೆ ಬಿದ್ದನು. ನಿಜ ಹೇಳಿದರೆ ಇಂದೇ ಬಿಡುಗಡೆ: ಯಂತ್ರಗಳು ಮೊದಲಿನಂತೆ ಹಗಲಿಗೆ ಹೋಗುತ್ತವೆ, ಕೆಲಸ ಕಸ್ತೂರೆವ್ವನಿಗೆ ಹೋಗುತ್ತದೆ. ಆದರೆ ಒಂದು ತಿಂಗಳು ಇಲ್ಲದ ಅರ್ಧ ದರಕ್ಕಾಗಿ ತಾನು ಲುಂಗಿ ಕಟ್ಟಿ ಹೋರಾಡಿದ್ದು ಮನೆಯಲ್ಲಿ ತಿಳಿಯುತ್ತದೆ, ಮಹಾದೇವಿಗೆ ತಿಳಿಯುತ್ತದೆ, ನಾಳೆ ಓಣಿಗೆಲ್ಲ ತಿಳಿಯುತ್ತದೆ. ಹೆಸರು ಬದಲಿಸೋಣವೆಂದರೆ ಕಾಗದಪತ್ರವೆಲ್ಲ ತಾಯಿಯ ಟ್ರಂಕಿನಲ್ಲಿ, ಆಕೆ ಏಕೆಂದು ಕೇಳದೆ ಕೀಲಿ ಕೊಡುವವಳಲ್ಲ. ಮುಖ ಉಳಿಸಿಕೊಳ್ಳುವುದೋ, ಸೊಂಟ ಉಳಿಸಿಕೊಳ್ಳುವುದೋ ಎಂದು ಓಣಿಯ ತಿರುವಿನವರೆಗೂ ತೂಗಿದನು. ವೀರರು ಹಿಂದಿನಿಂದಲೂ ಮುಖವನ್ನೇ ಆರಿಸಿಕೊಂಡು ಬಂದಿದ್ದಾರೆ.

ಕಟ್ಟೆಯ ಮೇಲೆ ಕಸ್ತೂರೆವ್ವ, ಪಕ್ಕದಲ್ಲಿ ಮಹಾದೇವಿ. “ಆಫೀಸ್‌ನ್ಯಾಗ ಏನಂದ್ರು?” ಎಂದು ಹೆಂಡತಿ ಕೇಳಿದಳು.

“ಎಲ್ಲಾ ಸರಿ ಐತೆಂದ್ರು. ಫರಕ್ ಗೊತ್ತಾಗಾಕ ಇನ್ನೊಂದೀಟು ದಿನಾ ಬೇಕಂತ,” ಎಂದು ವೀರನು ಚಪ್ಪಲಿ ಬಿಡುತ್ತ ನೆಲಕ್ಕೆ ಹೇಳಿದನು.

“ಹೌದ? ಹಂಗಾರ ಅಕ್ಕಿ, ಬ್ಯಾಳಿ ಎರಡೂ ನೆನಸೀನಿ ನೋಡ್ರಿ.”

ಆತನು ಒಳಗೆ ಹೋದನು. ಲುಂಗಿ ಎತ್ತಿ ಕಟ್ಟುವ ಸಪ್ಪಳ, ಸ್ವಿಚ್ಚಿನ ಸಪ್ಪಳ, ಆಮೇಲೆ ಪೂರ್ತಿ ದರದ ಕರೆಂಟಿನಲ್ಲಿ ಕಲ್ಲು ತಿರುಗುವ ಸಪ್ಪಳ ಕೇಳಿತು.

ಮಹಾದೇವಿ ದನಿ ತಗ್ಗಿಸಿದಳು. “ಯಕ್ಕಾ, ಅರ್ಜಿ ನಡ್ಯಂಗಿಲ್ಲಂತ ಆಫೀಸಿನವರು ಫೋನ್ ಮಾಡಿದ್ದು ಇನ್ನೂ ಹೇಳಿಲ್ಲೇನ ಅವರಿಗೆ?”

“ಅರ್ಜಿಯಾಗ ನನ್ನ ನಂಬರ ಬರದಾರ, ನನಗ ಬಂತು ಫೋನು. ಮೂರನೇ ದಿನಾನ ಬಂದಿತ್ತು,” ಎಂದಳು ಕಸ್ತೂರೆವ್ವ. “ಹೇಳಿದ್ನಂದ್ರ ನಾಳಿಂದ ಅಲ್ಲಿ ನಾ ನಿಂದರಬೇಕಾಗತೈತಿ. ಕೂಡು ಸುಮ್ನ.”

ಒಳಗಿನ ಸಪ್ಪಳ ತುಸು ಬದಲಾಯಿತು, ನೀರು ಹೆಚ್ಚಾಗಿ ಕಲ್ಲಿಗೆ ಹಿಟ್ಟು ತಾಗುತ್ತಿರಲಿಲ್ಲ. ಕಸ್ತೂರೆವ್ವ ಕಿವಿಗೊಟ್ಟು ಕೇಳಿದಳು. ಏಳಲಿಲ್ಲ.

“ನೀರು ಭಾಳ ಹಾಕಬ್ಯಾಡ್ರೀ!” ಎಂದು ಕುಳಿತಲ್ಲಿಂದಲೇ ಕೂಗಿದಳು.