ಮೈಬಣ್ಣದ ಕಿಣ್ವವೂ ಮಾವನ ಮನೆಯ ಊಟವೂ

ನೆಂಟರ ಎದುರು ನಮ್ಮ ಉದ್ಯೋಗವನ್ನು ವಿವರಿಸುವಾಗ ಸ್ವಲ್ಪ ಮಸಾಲೆ ಬೆರೆಸುವುದು ಮನುಷ್ಯಸಹಜ. ನನ್ನ ಪರವಾಗಿ ಆ ಮಸಾಲೆ ಅರೆಯುವವಳು ಹೆಂಡತಿ ಸುಧಾ. ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನಾನು ಮಾಡುವುದು ಇಷ್ಟೆ: ಮನುಷ್ಯನ ಚರ್ಮಕ್ಕೆ ಬಣ್ಣ ತರುವ ಟೈರೋಸಿನೇಸ್ ಎಂಬ ಕಿಣ್ವವನ್ನು ತಟ್ಟೆಯ ಪುಟ್ಟ ಗುಳಿಗಳಿಗೆ ಹನಿಸಿ, ಯಾವ ರಾಸಾಯನಿಕ ಹಾಕಿದರೆ ಅದರ ಕೆಲಸ ನಿಲ್ಲುತ್ತದೆ ಎಂದು ನೋಡುವುದು. ಕಿಣ್ವವನ್ನು ಯಾರ ಮೈಯಿಂದಲೂ ತೆಗೆದದ್ದಲ್ಲ; ಮನುಷ್ಯನ ಜೀನನ್ನು ಬೇರೆ ಜೀವಕೋಶಗಳಿಗೆ ಸೇರಿಸಿ ಅವುಗಳಿಂದ ಮಾಡಿಸಿದ್ದು. ಕಿರುಬೆರಳಿನಷ್ಟಿರುವ ಶೀಶೆಯಲ್ಲಿ ಬರುತ್ತದೆ, ಮೇಲೆ ‘ಸಂಶೋಧನೆಗೆ ಮಾತ್ರ’ ಎಂದಿರುತ್ತದೆ, ಫ್ರೀಜರಿನಿಂದ ಹೊರಗಿಟ್ಟರೆ ಮುನಿಸಿಕೊಳ್ಳುತ್ತದೆ. ಹೊಸ ಅಳಿಯನೂ ಅಷ್ಟು ನಾಜೂಕಾಗಿರುವುದಿಲ್ಲ.

ಸುಧಾ ಇದನ್ನೆಲ್ಲ ತನ್ನ ಸೋದರಮಾವನಿಗೆ ಫೋನಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿದಳು: “ಇವರ ಲ್ಯಾಬಲ್ಲಿ ಮೈಬಣ್ಣ ತಯಾರ್ ಮಾಡ್ತಾರೆ ಮಾವ.”

ಈ ರಂಗಸ್ವಾಮಿ ಮಾವ ಚಿತ್ರದುರ್ಗದವರು. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದು ಅಲ್ಲೇ ನೆಲೆ ನಿಂತವರು. ಮಗಳು ಲಾವಣ್ಯಳ ಕೈ, ಗದ್ದದ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿವೆ. ಚರ್ಮದ ಡಾಕ್ಟರು ಹೇಳಿದ್ದು ಸಾಲದೆ, ದಾರಿಹೋಕರು ಹೇಳಿದ ಎಣ್ಣೆ, ಲೇಪ, ಕಷಾಯಗಳೆಲ್ಲ ಆ ಮನೆಗೆ ಬರುತ್ತಿದ್ದವು. ಈಗ ಒಬ್ಬ ಹುಡುಗನ ಜೊತೆ ಮದುವೆಯ ಮಾತು ಬೇರೆ ಶುರುವಾಗಿತ್ತು.

“ಅಳಿಯಂದಿರೇ, ಭಾನುವಾರ ಬಂದ್ಬಿಡಿ. ಬರ್ತಾ ಅದನ್ನ ಕೊಂಚೆಂ ತಗಂಡ್ ಬನ್ನಿ” ಎಂದರು ಮಾವ.

ಆಗದು ಎಂದು ಆಗಲೇ ಹೇಳಬಹುದಿತ್ತು. ಆದರೆ ಅದುವರೆಗೆ ನೆಂಟರಲ್ಲಿ ಒಬ್ಬರೂ ನನ್ನನ್ನು ವಿಜ್ಞಾನಿಯೆಂದು ನಂಬಿರಲಿಲ್ಲ. “ಬಂದು ಮಾತಾಡ್ತೀನಿ ಮಾವ” ಎಂದೆ.

ಭಾನುವಾರ ಒಬ್ಬನೇ, ಬರಿಗೈಯಲ್ಲೇ ಹೋದೆ. ಅತ್ತೆ ಊರಿನ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರ ಕುಂಕುಮ ಕೊಟ್ಟು, ಗೋಂಗೂರ ಚಟ್ನಿ, ಪುಳಿಹೋರ ಬಡಿಸಿದರು. ಉಂಡ ಮೇಲೆ ನಿಜ ಹೇಳುವುದು ಇನ್ನೂ ಕಷ್ಟ.

“ಮಾವ, ಅದು ಔಷಧ ಅಲ್ಲ. ಹಚ್ಚಿದ್ರೂ ಚರ್ಮದೊಳಗೆ ಇಳಿಯಲ್ಲ. ಮಚ್ಚೆ ಇರೋ ಕಡೆ ಬಣ್ಣ ಮಾಡೋ ಕೋಶಗಳೇ ಇರಲ್ಲ. ಅಡುಗೆಯವರೇ ಇಲ್ಲದ ಮನೆಗೆ ಸೌಟು ಕಳಿಸಿದ ಹಾಗೆ.”

“ಸೌಟಾದ್ರೂ ಇರ್ಲಿ ಬಿಡಿ. ಒಂಚೂರು ಹಚ್ಚಿ ನೋಡಾಣ.”

ಲಾವಣ್ಯ ಮಜ್ಜಿಗೆಯ ಲೋಟ ಇಡುತ್ತ ಕೇಳಿದಳು: “ಮತ್ತೆ ನಿಮ್ಮ ಲ್ಯಾಬಲ್ಲಿ ಅದು ಏನಕ್ಕೆ ಬಾವಗಾರು?”

“ಅದನ್ನ ತಡೆಯೋ ವಸ್ತು ಹುಡುಕೋಕೆ. ಬೆಳ್ಳಗಾಗೋ ಕ್ರೀಮಿಗೆ.”

ಅವಳು ತನ್ನ ಕೈ ನೋಡಿಕೊಂಡು ನಕ್ಕಳು. “ನಾನು ಬೆಳ್ಳಗಾದೆ ಅಂತ ಅಪ್ಪಂಗೆ ನಿದ್ದೆ ಇಲ್ಲ. ಊರವರೆಲ್ಲ ಬೆಳ್ಳಗಾಗೋಕೆ ನಿಮ್ಮ ಕ್ರೀಮ್ ಕಾಯ್ತಿದ್ದಾರೆ.”

ಮಾವ ನಗಲಿಲ್ಲ. “ಖಂಡಿತಾ ಆಗಲ್ವಾ?”

“ಇಲ್ಲ ಮಾವ. ಡಾಕ್ಟರ್ ಹೇಳಿದ್ದು ಮಾಡ್ಲಿ. ಆ ಎಣ್ಣೆ, ಕಷಾಯನೂ ಬೇಡ.”

ಅವರು ಎದ್ದು ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಒಳಬಂದಾಗ ಕಣ್ಣು ಕೆಂಪಾಗಿತ್ತು. “ಸರಿ, ಅದನ್ನೆಲ್ಲ ನಿಲ್ಸಮ್ಮ. ಹುಡುಗನಿಗೆ ಇದ್ದದ್ದು ಇದ್ದ ಹಾಗೆ ಹೇಳಾಣ.”

“ನಾನು ಹೇಳಿ ಆಯ್ತು ಅಪ್ಪ. ಅವನು ಒಪ್ಪಿದಾನೆ. ನಾನೇ ಇನ್ನೂ ಒಪ್ಪಿಲ್ಲ, ಮಾತು ಜಾಸ್ತಿ ಅವಂದು.”

ಸಂಜೆ ಸ್ಕೂಟರಿನಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಟ್ಟ ಲಾವಣ್ಯ, “ಕಷಾಯ ಬೇಡ ಅಂತ ನಾನು ಎಷ್ಟು ಅತ್ತರೂ ಅಪ್ಪ ಕೇಳಿರಲಿಲ್ಲ. ಸೈಂಟಿಸ್ಟ್ ಹೇಳಿದ್ದಕ್ಕೆ ಕೇಳಿದರು” ಎಂದಳು.

ಇಷ್ಟು ವರ್ಷದ ನನ್ನ ವಿಜ್ಞಾನದಿಂದ ಒಬ್ಬರಿಗಾದರೂ ಉಪಕಾರವಾಯಿತಲ್ಲ ಎಂದು ರೈಲಿನುದ್ದಕ್ಕೂ ಬೀಗಿದೆ. ಅದು ಕೆಲಸಕ್ಕೆ ಬಾರದು ಎಂದು ನಾನೇ ಹೇಳಿದ್ದರಿಂದ ಆ ಉಪಕಾರವಾದದ್ದು ಎಂದು ಹೊಳೆಯುವಷ್ಟರಲ್ಲಿ ಮುಕ್ಕಾಲು ದಾರಿ ಮುಗಿದು ರೈಲು ತುನಿ ಸ್ಟೇಷನ್ ದಾಟಿತ್ತು.