ಎರಡನೇ ಸಾಲಿನ ಬಲತುದಿ

ಎಲ್ಲ ರಂಪಕ್ಕೂ ಕಾರಣ ಪತ್ರಿಕೆಯ ಒಳಪುಟದಲ್ಲಿದ್ದ ಒಂದು ಸಾಲು. ಪಿಂಚಣಿದಾರರು ಹಳ್ಳಿ ಕುಣಿತ ಕಲಿಯುವ ಆ ಹಳೇ ಸಿನಿಮಾ, ಯಾರೂ ನೋಡದೆ ಮೂಲೆಗುಂಪಾಗಿದ್ದದ್ದು, ಇವತ್ತು ಮಧ್ಯಾಹ್ನ ಟೀವಿಯಲ್ಲಿ ಬರುತ್ತದಂತೆ.

ನಿವೃತ್ತ ಮೀಟರ್ ರೀಡರ್ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಮಹಡಿ ಇಳಿದರು. ಹೆಂಡತಿ ಹೋದ ಮೇಲೆ ಅವರ ಬಾಯಲ್ಲಿ ಉಳಿದಿದ್ದ ಮಾತು ಒಂದೇ: “ಆ ಸಿನಿಮಾದಲ್ಲಿ ನಾನೂ ಕುಣಿದಿದ್ದೆ.” ನಂಬಿದವರು ಒಬ್ಬರೂ ಇಲ್ಲ. ಅವರು ಬಂದರೆಂದರೆ ಕೂತವರೆಲ್ಲ ಎದ್ದು ಬೆಂಚು ಖಾಲಿ. ಇವತ್ತು ಕಣ್ಣಾರೆ ಕಂಡ ಮೇಲಾದರೂ ಯಾರಾದರೂ ನಿಂತು ಮಾತಾಡಿಯಾರು.

ಅವರ ಮನೆಯ ಟೀವಿ ಕೆಟ್ಟು ಕೂತಿತ್ತು. ಬೀದಿ ತುದಿಯ ವಾಚನಾಲಯದ ಟೀವಿ ಮುಂದೆ ನಿವೃತ್ತ ಕಾಂಪೌಂಡರ್ ಬೇರು ಬಿಟ್ಟಿದ್ದರು.

“ಚಾನೆಲ್ ಬದಲಾಯ್ಸಿ ಸ್ವಾಮಿ.”

“ನ್ಯೂಸ್ ಮುಗೀಲಿ, ಹೀರೋ ಅವರೇ.”

“ಅದು ಯಾವತ್ತು ಮುಗಿದಿದೆ?”

ಎಳೆದಾಟದಲ್ಲಿ ರಿಮೋಟ್ ಸೋಫಾದಡಿ ಸೇರಿತು. ಮೀಟರ್ ರೀಡರ್ ಬಗ್ಗಿದರು. ಸೊಂಟ ಹಳೇ ಬಾಗಿಲಿನಂತೆ ಕಿರುಗುಟ್ಟಿ ಅಲ್ಲೇ ಹಿಡಿದುಕೊಂಡಿತು. ಎದುರುಮನೆಯ ನರ್ಸಕ್ಕ ಓಡಿಬಂದು ಎತ್ತಿ ಸೋಫಾ ಮೇಲೆ ಕೂರಿಸಿ, ರಿಮೋಟ್ ಹುಡುಕಿ ಚಾನೆಲ್ ಬದಲಾಯಿಸಿದರು.

“ಕುಣಿಯೋ ಸೊಂಟಾನಾ ಇದು?” ಕಾಂಪೌಂಡರ್ ನಕ್ಕರು.

ನಗು ಕೇಳಿ ಇನ್ನಷ್ಟು ಜನ ಸೇರಿದರು.

“ಎರಡನೇ ಸಾಲು, ಬಲತುದಿ! ನೋಡ್ತಾ ಇರಿ!”

ಟೀವಿಯಲ್ಲಿ ಡೋಲು ಬಡಿಯಿತು. ಎರಡನೇ ಸಾಲಿನ ಬಲತುದಿಯಲ್ಲಿ ಒಬ್ಬ ಮುದುಕ ಚಿಗರೆಯಂತೆ ನೆಗೆಯುತ್ತಿದ್ದ. ಅದೇ ಮೂಗು, ಅದೇ ಮೊರದಗಲ ಕಿವಿ, ಅದೇ ಬಿಳಿ ಮೀಸೆ.

“ಅಯ್ಯೋ, ನಿಜವಾಗ್ಲೂ ನೀವೇ!” ಎಂದರು ನರ್ಸಕ್ಕ. ಮೀಟರ್ ರೀಡರ್ ಎದೆಯುಬ್ಬಿತು.

“ತಡೀರಿ,” ಎಂದರು ಕಾಂಪೌಂಡರ್. “ಸಿನಿಮಾ ಬಂದು ನಲವತ್ತು ವರ್ಷ ಆಯ್ತು. ಆಗ್ಲೇ ಇಷ್ಟು ಮುದುಕ ಆಗಿದ್ರೆ, ಇವರು ಈಗ ಗೋಡೆ ಮೇಲೆ ಫೋಟೋ ಆಗಿರಬೇಕಿತ್ತು.”

“ವೇಷ ಸ್ವಾಮಿ! ತಿರುಗಿ ತಿರುಗಿ ನಿಜವಾದ ಮುದುಕರೆಲ್ಲ ತಲೆಸುತ್ತಿ ಕೂತುಬಿಟ್ರು. ನಮ್ಮಂಥ ಹುಡುಗರನ್ನ ಹಿಡಿದು ಬಿಳಿ ಮೀಸೆ ಅಂಟಿಸಿದ್ರು!”

“ಅದು ನಿಮ್ಮಪ್ಪ ಅಲ್ವಾ? ಅಪ್ಪನ ಕುಣಿತವನ್ನ ನಿಮ್ಮ ಹೆಸರಿಗೆ ಹಾಕ್ಕೊಳ್ಳೋದಾ?” ನರ್ಸಕ್ಕನ ಕಣ್ಣು ಒದ್ದೆಯಾಗಿತ್ತು. “ಅಪ್ಪ ಅಂತ ಮೊದಲೇ ಹೇಳಿದ್ರೆ ನಾವೇನು ನಂಬ್ತಿರಲಿಲ್ವಾ?”

ಅಪ್ಪ! ಜೀವಮಾನದಲ್ಲಿ ಒಮ್ಮೆಯೂ ತಾಳಕ್ಕೆ ಕಾಲು ಅಲ್ಲಾಡಿಸಿದವರಲ್ಲ. ಮಗ ಸಿನಿಮಾದಲ್ಲಿ ಕುಣಿದನೆಂದು ತಿಳಿದ ದಿನ ಮಾತು ಬಿಟ್ಟವರು, ಸಾಯುವಾಗಲೂ ಆಡಲಿಲ್ಲ.

ಮೀಟರ್ ರೀಡರ್ ಕೂಗಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಕಾಂಪೌಂಡರ್ ಟೀವಿ ಆರಿಸಿ, ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

“ಹೇಳಿ, ಎಂಥ ಮನುಷ್ಯ ಅವರು?”

ಯಾರೂ ಎದ್ದು ಹೋಗಲಿಲ್ಲ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

“ನಮ್ಮಪ್ಪ...” ಮೀಟರ್ ರೀಡರ್ ಗಂಟಲು ಸರಿಮಾಡಿಕೊಂಡರು. “ಕುಣಿಯೋಕೆ ನಿಂತ್ರೆ ಕಾಲು ನೆಲ ಮುಟ್ತಿರಲಿಲ್ಲ.”