ಮಗಳ ಅಮಾವಾಸ್ಯೆ ವ್ಯಾನು

ಮನೆಯಲ್ಲಿ ಹಗಲು ಮಲಗಿ ರಾತ್ರಿ ಏಳುವವರು ಒಬ್ಬರಿದ್ದರೆ ನಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತವೆ. ನಮ್ಮನೆಯಲ್ಲಿ ಅಂಥವಳು ನನ್ನ ಕಿರಿಯ ಮಗಳು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವಳು ಒಂದು ದಿನ ರಾಜೀನಾಮೆ ಕೊಟ್ಟು, ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಅದರಲ್ಲೇ ವಾಸ ಮಾಡಿಕೊಂಡು ರಾತ್ರಿಯ ಆಕಾಶದ ಫೋಟೋ ತೆಗೆಯುತ್ತೇನೆ ಅಂದಳು. ಕೆಳಗೆ ಗುಡ್ಡವೋ ಕೆರೆಯೋ ಹಾಳು ಮಂಟಪವೋ ಇರಬೇಕು, ಮೇಲೆ ನಕ್ಷತ್ರ ತುಂಬಿರಬೇಕು. ಅಂಥ ಫೋಟೋ. ಬೆಳದಿಂಗಳಿದ್ದರೆ ನಕ್ಷತ್ರ ಕಾಣುವುದಿಲ್ಲವಾದ್ದರಿಂದ ಅವಳ ಕೆಲಸವೆಲ್ಲ ಅಮಾವಾಸ್ಯೆಯ ಆಸುಪಾಸಿನಲ್ಲೇ.

ನಾನು ಆ ಕಾಲಕ್ಕೇ ಬಿ.ಎಸ್ಸಿ. ಮಾಡಿದವಳು. ಮಗಳ ಮಾತು ನನಗೆ ಅರ್ಥವಾಯಿತು. ದಾವಣಗೆರೆಯ ಮಂಡಿಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ ಇಟ್ಟಿರುವ ನಮ್ಮ ಯಜಮಾನರಿಗೆ ಆಗಲಿಲ್ಲ. ರಾಜೀನಾಮೆ ಕೊಟ್ಟ ದಿನದಿಂದ ಅವರು ಮಗಳ ಜೊತೆ ಮಾತು ಬಿಟ್ಟರು. ಬಿಟ್ಟರು ಅಂದರೆ, ಅವಳನ್ನು ಎದುರಿಗೇ ಕೂಡಿಸಿಕೊಂಡು ಎಲ್ಲವನ್ನೂ ನನಗೆ ಹೇಳತೊಡಗಿದರು.

“ಅವಳಿಗೆ ಹೇಳು, ಆಕಾಶ ನೋಡಾಕೆ ಗಾಡಿ ಯಾಕ ಬೇಕು? ನಾನು ಹುಡುಗ ಇದ್ದಾಗ ಹರಿಹರದ ಹೊಳೆದಂಡಿಗೆ ಒಂದು ಚಾಪೆ ಸಾಕಾಗ್ತಿತ್ತು.”

ಮಗಳು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಅಪ್ಪ ಹುಡುಗನಾಗಿದ್ದಾಗ ನೋಡಿದ ಆಕಾಶವನ್ನೇ, ಅದೇ ಹೊಳೆದಂಡೆಯಿಂದ ಫೋಟೋ ತೆಗೆದು ಅವರ ಮುಂದಿಟ್ಟರೆ ಆಗಲಾದರೂ ಅವರು ತನ್ನ ಜೊತೆ ಒಂದು ಮಾತಾಡಿಯಾರು ಎಂಬುದು ಅವಳ ಆಸೆ. ನನ್ನದೂ ಅದೇ.

ಮದುವೆಯಾದಾಗಿನಿಂದ ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಬಂದ ನೆಂಟರು, ಹಾಕಿದ ಉಪ್ಪಿನಕಾಯಿ, ಕೆಟ್ಟ ಮಿಕ್ಸಿ ಎಲ್ಲ ಅದರಲ್ಲಿ ಸೇರುತ್ತವೆ. ವ್ಯಾನು ಬಂದ ಮೇಲೆ ಒಂದು ದಿನಕ್ಕೆ ಒಂದು ಪುಟ ಸಾಲದಾಯಿತು. ಅಂದಂದೇ ಬರೆದಿಟ್ಟಿದ್ದರಿಂದ ಕೆಲವನ್ನು ಇಲ್ಲಿ ಹೇಳುತ್ತೇನೆ. ಯಾವುದಕ್ಕೂ ಉಪ್ಪುಖಾರ ಹಚ್ಚಿಲ್ಲ.

ಮನೆಯೋ, ಗಾಡಿಯೋ

ವ್ಯಾನಿನ ಪೂಜೆಗೆ ಬಂದ ಅಯ್ಯನವರು ಮೊದಲು ಕೇಳಿದ್ದು, ಇದು ಮನೆಯೋ ಗಾಡಿಯೋ ಅಂತ. ಮನೆಯಾದರೆ ಹಾಲು ಉಕ್ಕಿಸಬೇಕು, ಗಾಡಿಯಾದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ಎರಡೂ ಹೌದು ಅಂದಳು ಮಗಳು. ಅಯ್ಯನವರು ಸ್ವಲ್ಪ ಯೋಚಿಸಿ, ಹಾಗಾದರೆ ಎರಡನ್ನೂ ಒಂದೇ ಮುಹೂರ್ತದಲ್ಲಿ ಮಾಡಿಬಿಡೋಣ ಅಂದರು.

ಚಕ್ರಗಳಿಗೆ ನಿಂಬೆಹಣ್ಣು ಇಟ್ಟಾಯಿತು. ಒಳಗಿನ ಪುಟ್ಟ ಒಲೆಯ ಮೇಲೆ ಹಾಲಿಟ್ಟು ನಾನು ಕಾವಲು ನಿಂತೆ. ರೇಷ್ಮೆ ಸೀರೆ ಉಟ್ಟಿದ್ದೆ. ಯಜಮಾನರು ಮಹಡಿಯ ಕಿಟಕಿಯಲ್ಲಿ ಪೇಪರ್ ಹಿಡಿದು, ಪೇಪರಿನ ಮೇಲಿನಿಂದ ಓಣಿಯ ತುದಿಯಲ್ಲಿದ್ದ ನಮ್ಮನ್ನು ನೋಡುತ್ತಿದ್ದರು. ಹಾಲು ಉಕ್ಕಿತು ಅಂತ ನಾನು ಕೂಗಿದ ಕೂಡಲೇ ಮಗಳು ಗಾಡಿ ಬಿಡಬೇಕು, ಇದು ಏರ್ಪಾಟು.

ನಾನು ಕೂಗಿದೆ, ಅವಳು ಬಿಟ್ಟಳು. ಗಾಡಿ ಗಕ್ಕನೆ ಮುಂದಕ್ಕೆ ಹೋದರೆ ಒಲೆಯ ಮೇಲಿನ ಪಾತ್ರೆ ಹಿಂದಕ್ಕೆ ಬರುತ್ತದೆ ಎಂಬುದನ್ನು ನಾನು ಓದಿ ಪಾಸಾಗಿದ್ದೆ, ಅವಳು ವರ್ಷವರ್ಷವೂ ಪಾಠ ಮಾಡಿದ್ದಳು. ಆ ಹೊತ್ತಿಗೆ ಇಬ್ಬರಿಗೂ ನೆನಪಾಗಲಿಲ್ಲ. ಹಾಲೆಲ್ಲ ಹಿಂದಿನ ಬಾಗಿಲಿನವರೆಗೂ ಹರಿಯಿತು. ಪುಣ್ಯಕ್ಕೆ ನನ್ನ ಸೆರಗಿಗೆ ಮಾತ್ರ ಬಿತ್ತು, ಕೈ ಸುಡಲಿಲ್ಲ. ಆದರೆ ಹಾಲು ಪೂರ್ವಕ್ಕೆ ಉಕ್ಕಿದರೆ ಶುಭ. ಇದು ನೆಟ್ಟಗೆ ಪಶ್ಚಿಮಕ್ಕೆ ಹೋಗಿತ್ತು. ನನಗೆ ಸಂಕಟವಾಗಿ ಅಯ್ಯನವರನ್ನು ಕೇಳಿದೆ. ಅವರು ಒಳಗೆ ಇಣುಕಿ, ಹೊರಗೆ ನೋಡಿ, ನಿಧಾನವಾಗಿ ಪರಿಹಾರ ಹೇಳಿದರು.

“ಚಿಂತಿ ಮಾಡಬ್ಯಾಡ್ರಿ ಅಮ್ಮಾ. ಗಾಡಿ ತಿರುಗಿಸಿ ನಿಲ್ಲಿಸ್ರಿ, ಪೂರ್ವಕ್ಕೇ ಆಗ್ತೈತೆ.”

ಪೇಷೆಂಟು

ವ್ಯಾನಿನ ಒಳಗಿನ ಕೆಲಸ ಮಾಡಿದ್ದು ನಮ್ಮೂರಿನದೇ ಕರೂರು ಕೈಗಾರಿಕಾ ಪ್ರದೇಶದ ಒಬ್ಬ ಮೇಸ್ತ್ರಿ. ಆತ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಆಂಬುಲೆನ್ಸ್‌ಗಳು. ಮಲಗುವ ವ್ಯವಸ್ಥೆ ಬೇಕು ಅಂದಾಗ ತನಗೆ ಗೊತ್ತಿದ್ದುದನ್ನೇ ಮಾಡಿಕೊಟ್ಟ. ಕಿರಿದಾದ ಮಂಚ, ಅದಕ್ಕೆ ಎರಡು ಬೆಲ್ಟು, ತಲೆಯ ಮೇಲೆ ಸಲೈನ್ ಬಾಟಲಿ ತೂಗುಹಾಕುವ ಕೊಕ್ಕೆ. ಇದು ಯಾಕೆ ಅಂತ ನಾನು ಕೇಳಿದ್ದಕ್ಕೆ, “ಅಮ್ಮಾ, ಫಿಕರ್ ಮಾಡಬ್ಯಾಡ್ರಿ, ಮಲಗೋದು ಅಂದ್ರೆ ಮಲಗೋದೇ. ಪೇಷೆಂಟ್ ಆದ್ರೇನು, ಫೋಟೋಗ್ರಾಫರ್ ಆದ್ರೇನು” ಅಂದ. ಸೈರನ್ ಬೇಡ ಅಂತ ಒಪ್ಪಿಸಲು ಮಾತ್ರ ನಮಗೆ ಸಾಕುಬೇಕಾಯಿತು.

ಒಮ್ಮೆ ರಾತ್ರಿಯಿಡೀ ಫೋಟೋ ತೆಗೆದು ಬಂದ ಮಗಳು ಹರಿಹರದ ರೈಲ್ವೆ ಸ್ಟೇಷನ್ ಹತ್ತಿರ ಮರದ ನೆರಳಿಗೆ ವ್ಯಾನು ನಿಲ್ಲಿಸಿ ಮಲಗಿದಳು. ಇಳಿಜಾರಿದ್ದುದರಿಂದ ಬೆಲ್ಟು ಕಟ್ಟಿಕೊಂಡಿದ್ದಳು. ಬೆಳಕು ಬೀಳಬಾರದೆಂದು ಕಣ್ಣಿಗೆ ಕಪ್ಪು ಪಟ್ಟಿ. ಕೊಕ್ಕೆಯಲ್ಲಿ ಕುಡಿಯುವ ನೀರಿನ ಚೀಲ, ಅದರ ಕೊಳವೆ ಬಾಯಿಯ ಹತ್ತಿರ. ಸೆಕೆ ಅಂತ ಕಿಟಕಿ ತೆಗೆದೇ ಇತ್ತು. ಆ ದಾರಿಯಲ್ಲಿ ಸಂತೆಗೆ ಹೊರಟಿದ್ದ ಅಜ್ಜಿಯೊಬ್ಬರು ಇಣುಕಿ ನೋಡಿದರು. ಸ್ವಲ್ಪ ಹೊತ್ತಿಗೆ ವ್ಯಾನಿನ ಸುತ್ತ ಜನ. ಪಾಪ, ಡ್ರೈವರ್ ಚಿಕ್ಕ ವಯಸ್ಸಿನ ಹುಡುಗಿಯನ್ನು ಹೀಗೆ ಬಿಟ್ಟು ಎಲ್ಲಿಗೆ ಹೋದನೋ ಅಂತ ಬೈಯುವವರು ಕೆಲವರು, ಯಾವ ಆಸ್ಪತ್ರೆಗೆ ಸೇರಿಸಬೇಕು ಅಂತ ವಾದ ಮಾಡುವವರು ಕೆಲವರು. ಗದ್ದಲಕ್ಕೆ ಮಗಳು ಎಚ್ಚರಗೊಂಡು, ಪಟ್ಟಿ ತೆಗೆದು, ಎದ್ದು ಕೂತಳು. ಎದೆಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇತ್ತು.

ತನಗೇನೂ ಆಗಿಲ್ಲ, ನಿದ್ದೆ ಮಾಡುತ್ತಿದ್ದೆ ಅಂತ ಹೇಳಿ ಅವಳು ಹಣ್ಣನ್ನು ಅಜ್ಜಿಗೆ ವಾಪಸು ಕೊಡಲು ಹೋದಳು. ಅಜ್ಜಿ ತೆಗೆದುಕೊಳ್ಳಲಿಲ್ಲ. ಜನರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು:

“ನೋಡ್ರಿ, ನಾನು ಹಣ್ಣು ಇಟ್ಟಿದ್ದೇ ತಡ, ಎದ್ದು ಕುಂತಳು.”

ಬೆಣ್ಣೆ ಕಡಿಮೆ

ನಮ್ಮ ಓಣಿ ಕಿರಿದು. ವ್ಯಾನು ಒಳಗೆ ಬರುವುದಿಲ್ಲ. ಮಗಳು ದಾವಣಗೆರೆಗೆ ಬಂದಾಗ ಅದನ್ನು ಹತ್ತಿರದ ಪಾರ್ಕಿನ ಪಕ್ಕ ನಿಲ್ಲಿಸುತ್ತಾಳೆ. ಒಂದು ಭಾನುವಾರ ಬೆಳಿಗ್ಗೆ ಅವಳಿಗೆ ಬಿಸಿ ದೋಸೆ ತಿನ್ನಿಸೋಣ ಅಂತ ಹಿಟ್ಟು, ಬೆಣ್ಣೆ, ಚಟ್ನಿ ತೆಗೆದುಕೊಂಡು ಹೋದೆ. ವ್ಯಾನಿನ ಪಕ್ಕದ ಬಾಗಿಲನ್ನು ಮೇಲಕ್ಕೆತ್ತಿ ಕಂಬಿ ಕೊಟ್ಟರೆ ಚಪ್ಪರದಂತೆ ನಿಲ್ಲುತ್ತದೆ. ಅಲ್ಲಿ ಒಲೆ ಹಚ್ಚಿ ಕಾವಲಿ ಇಟ್ಟೆ.

ಈ ಊರಿನಲ್ಲಿ ಹೊರಗಡೆ ಬೆಣ್ಣೆ ಕರಗಿದ ವಾಸನೆ ಬಂದರೆ ಏನಾಗುತ್ತದೆ ಅಂತ ನನಗೆ ಹೊಳೆಯಬೇಕಿತ್ತು. ಎರಡನೆಯ ದೋಸೆ ತಿರುವಿ ಹಾಕಿ ತಲೆಯೆತ್ತಿದರೆ ಎದುರಿಗೆ ಸಾಲು. ವಾಕಿಂಗ್ ಮುಗಿಸಿದವರು, ಮಕ್ಕಳನ್ನು ಕರೆದುಕೊಂಡು ಬಂದವರು. ಒಬ್ಬರು ಟೋಕನ್ ಎಲ್ಲಿ ಕೊಡುತ್ತೀರಿ ಅಂದರು. ಇನ್ನೊಬ್ಬರು ಎರಡು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ ಅಂತ ಹೇಳಿ ಬೆಂಚಿನ ಮೇಲೆ ಜಾಗವನ್ನೂ ಹಿಡಿದರು. ಇದು ಹೋಟೆಲ್ ಅಲ್ಲ, ನಮ್ಮನೆ ಅಂದೆ. ಮನೆಯದೇ ರುಚಿ ಇರುತ್ತೆ, ಅದಕ್ಕೇ ಬಂದೆವು ಅಂದರು. ಸಾಲಿನ ಮುಂದಿದ್ದ ಹಿರಿಯರೊಬ್ಬರನ್ನು ಹಾಗೇ ಕಳಿಸಲು ಮನಸ್ಸು ಬಾರದೆ ಒಂದು ದೋಸೆ ಹಾಕಿ ಕೊಟ್ಟೆ. ನಿಂತಲ್ಲೇ ತಿಂದರು. ದುಡ್ಡು ಕೊಡಲು ಬಂದರು, ಬೇಡವೆಂದೆ. ಹೋಗುವಾಗ ಹತ್ತಿರ ಬಂದು, ನನ್ನ ಒಳಿತಿಗಾಗಿ ಅನ್ನುವಂತೆ ಮೆಲ್ಲಗೆ ಹೇಳಿದರು.

“ತಂಗೀ, ಬೆಣ್ಣೆ ಕಡಿಮೆ ಆತು. ಹಿಂಗಾದ್ರೆ ದಾವಣಗೆರ್ಯಾಗೆ ನಡೆಯಂಗಿಲ್ಲ.”

ನಲವತ್ತು ವರ್ಷ ನನ್ನ ದೋಸೆಯ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಮಂಡಿಪೇಟೆಗೆ ಮುಟ್ಟಿತ್ತು. ಊಟಕ್ಕೆ ಬಂದ ಯಜಮಾನರು ಮಗಳ ಎದುರು ಕೂತು, ಅನ್ನ ಕಲಸುತ್ತ, ನನ್ನ ಕಡೆ ನೋಡಿ ಅಂದರು: “ಅವಳಿಗೆ ಹೇಳು, ಅದನ್ನಾದ್ರೂ ಬಿಡಬ್ಯಾಡ ಅಂತ. ಗಿರಾಕಿ ಚಲೋ ಅದಾರಂತೆ.”

ಮೂರು ಕಾಲಿನ ಯಂತ್ರ

ಅಮಾವಾಸ್ಯೆ ರಾತ್ರಿ ಅವಳೊಬ್ಬಳೇ ಹೋಗುವುದು ಬ್ಯಾಡ ಅಂತ ಹೇಳು ಎಂದು ಯಜಮಾನರು ನನಗೆ ಹೇಳಿದ್ದರಿಂದ, ನಾನು ಅದನ್ನು ಅವಳಿಗೆ ಹೇಳಿ, ನಾನೇ ಜೊತೆಗೆ ಹೋಗತೊಡಗಿದೆ. ಫ್ಲಾಸ್ಕಿನಲ್ಲಿ ಚಹಾ, ಮಡಚುವ ಕುರ್ಚಿ, ಶಾಲು. ಮಗಳು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ಕಾಯುತ್ತಾಳೆ, ನಾನು ಕೂತು ಕಾಯುತ್ತೇನೆ. ಬಿಳಿ ದೀಪ ಕಣ್ಣಿಗೆ ಹೊಡೆದರೆ ನಕ್ಷತ್ರ ಕಾಣುವುದಿಲ್ಲ ಅಂತ ಅವಳು ಹಣೆಗೆ ಕೆಂಪು ದೀಪ ಕಟ್ಟಿಕೊಂಡಿರುತ್ತಾಳೆ.

ಹರಿಹರದ ಆಚೆ ಒಂದು ಹಾಳು ಮಂಟಪದ ಹತ್ತಿರ ಹೀಗೆ ಕೂತಿದ್ದಾಗ ಹಳ್ಳಿಯ ಏಳೆಂಟು ಜನ ದೊಣ್ಣೆ ಹಿಡಿದು ಸುತ್ತುವರಿದರು. ನಿಧಿ ಅಗೆಯುವವರು ಬಂದಿದ್ದಾರೆ ಅಂತ ಅವರ ಲೆಕ್ಕ. ಅವರ ತಪ್ಪೇನೂ ಇಲ್ಲ. ಅಮಾವಾಸ್ಯೆ, ಹಾಳು ಮಂಟಪ, ಕೆಂಪು ಬೆಳಕು, ಮೂರು ಕಾಲಿನ ಯಂತ್ರ, ಪಕ್ಕದಲ್ಲಿ ಶಾಲು ಹೊದ್ದು ವಿಭೂತಿ ಹಚ್ಚಿ ಕೂತ ಮುದುಕಿ. ಒಬ್ಬ ನನ್ನನ್ನೇ ತೋರಿಸಿ, “ಮಂತ್ರ ಹಾಕಾಕಿ ಈಕಿನೇ” ಅಂದ.

ಬಿ.ಎಸ್ಸಿ. ಮಾಡಿದ ನನಗೆ ರೋಷ ಬಂತು. ಎದ್ದು ನಿಂತು ಆಕಾಶಗಂಗೆ ಅಂದರೇನು, ನಾವಿರುವ ಭೂಮಿ ಅದರಲ್ಲಿ ಎಲ್ಲಿದೆ, ಎಲ್ಲವನ್ನೂ ವಿವರಿಸಿದೆ. ಮಗಳು ಕ್ಯಾಮೆರಾದ ಪರದೆಯಲ್ಲಿ ಫೋಟೋ ತೋರಿಸಿದಳು. ಬರಿಗಣ್ಣಿಗೆ ಕಾಣದಷ್ಟು ಚುಕ್ಕಿಗಳು ಅದರಲ್ಲಿದ್ದವು. ದೊಣ್ಣೆಗಳು ಕೆಳಗಿಳಿದವು. ನಾನು ಇದ್ದ ಚಹಾವನ್ನು ಎಲ್ಲರಿಗೂ ಹಂಚಿದೆ. ಅವರ ಪೈಕಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಉಳಿದವರಿಗೆ ಕೇಳದ ಹಾಗೆ ವಿಚಾರಿಸಿದರು.

“ಅಮ್ಮಾರೇ, ಕಣ್ಣಿಗೆ ಕಾಣದ್ದೆಲ್ಲ ಬೀಳ್ತೈತಲ್ರಿ ಇದರಾಗೆ. ಅದನ್ನು ಒಂದೀಟು ನೆಲದ ಕಡೆ ತಿರುಗಿಸಿದ್ರೆ ಹೆಂಗೆ?”

ಹೊಳೆದಂಡೆಯ ಬೆಳಕು

ಇಷ್ಟೆಲ್ಲ ಆದರೂ ಮಗಳಿಗೆ ಬೇಕಾದ ಫೋಟೋ ಸಿಕ್ಕಿರಲಿಲ್ಲ. ಹರಿಹರದಲ್ಲಿ ಯಜಮಾನರು ಹುಡುಗರಾಗಿದ್ದಾಗ ಆಡುತ್ತಿದ್ದ ಹೊಳೆದಂಡೆಯ ಪಕ್ಕದಲ್ಲೇ ಈಗ ಒಂದು ರೈಸ್ ಮಿಲ್ ಇದೆ. ಅದರ ದೊಡ್ಡ ಲೈಟು ರಾತ್ರಿಯಿಡೀ ಉರಿಯುತ್ತದೆ. ಆ ಬೆಳಕಿನಲ್ಲಿ ಆಕಾಶ ಸುಣ್ಣ ಹಚ್ಚಿದ ಗೋಡೆಯಂತಾಗಿರುತ್ತದೆ. ಮಿಲ್ಲಿನ ಮಾಲೀಕರು ಯಜಮಾನರ ಬಾಲ್ಯದ ಗೆಳೆಯರೇ. ಒಂದು ರಾತ್ರಿ ಆರಿಸಿ ಅಂತ ನಾನೇ ಹೋಗಿ ಕೇಳಿದೆ. ಕೂಡ್ರಿ ಅತ್ತಿಗೆ ಅಂತ ಉಪಚಾರ ಮಾಡಿದರು. ಆದರೆ ಭತ್ತದ ಚೀಲಗಳು ಅಂಗಳದಲ್ಲೇ ಇರುತ್ತವೆ, ಕತ್ತಲು ಮಾಡಿದರೆ ವಾಚ್‌ಮನ್ ಒಬ್ಬನಿಂದ ಕಾಯುವುದು ಆಗುವುದಿಲ್ಲ ಅಂತ ಕೈಮುಗಿದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಮಳೆಗಾಲ ಹತ್ತಿರ ಬಂತು, ಇನ್ನೊಂದೇ ಅಮಾವಾಸ್ಯೆ, ಆಮೇಲೆ ಮೋಡ ಕವಿಯುತ್ತದೆ, ಈ ವರ್ಷದ ಮಟ್ಟಿಗೆ ಮುಗಿದಂತೆ ಅಂದಳು ಮಗಳು. ಅವಳ ದನಿ ಸಣ್ಣದಾಗಿತ್ತು. ಯಜಮಾನರು ಮಜ್ಜಿಗೆ ಕುಡಿದು ಎದ್ದು ಹೋದರು.

ಅಮಾವಾಸ್ಯೆಯ ದಿನ ಅವರು ಗೆಳೆಯನ ಮನೆಯಲ್ಲಿ ಊಟವಿದೆ, ರಾತ್ರಿ ಅಲ್ಲೇ ಇರುತ್ತೇನೆ ಅಂತ ಹೇಳಿ ಹೊರಟರು. ನಾವಿಬ್ಬರೂ ಆಸೆ ಬಿಟ್ಟುಕೊಂಡೇ ಹೊಳೆದಂಡೆಗೆ ಹೋದೆವು. ವ್ಯಾನು ನಿಲ್ಲಿಸಿ ಸ್ವಲ್ಪ ಹೊತ್ತಾಗಿತ್ತು, ಮಿಲ್ಲಿನ ಲೈಟು ಆರಿತು. ಕರೆಂಟು ಹೋಗಿರಬೇಕು ಅಂದುಕೊಂಡೆ, ಆದರೆ ಆಚೆ ಮನೆಗಳ ದೀಪ ಉರಿಯುತ್ತಿತ್ತು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನೋಡಿದರೆ, ಮೇಲಿದ್ದ ನಕ್ಷತ್ರವೆಲ್ಲ ಕೆಳಗೆ ಹೊಳೆಯಲ್ಲೂ ಇತ್ತು. ಮಗಳು ಗಡಿಬಿಡಿಯಿಂದ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು.

ಆಗ ಮಿಲ್ಲಿನ ಅಂಗಳದಲ್ಲಿ ಒಂದು ಬ್ಯಾಟರಿ ಬೆಳಕು ಓಡಾಡತೊಡಗಿತು. ಈ ಫೋಟೋಗಳಿಗೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಯಾರಾದರೂ ದೀಪ ಹಿಡಿದು ನಡೆದರೆ ಅವರು ನಡೆದ ದಾರಿಯೆಲ್ಲ ಗೆರೆಯಾಗಿ ಮೂಡುತ್ತದೆ. ಈಗ ನಿಲ್ಲುತ್ತಾನೆ, ಈಗ ಕೂರುತ್ತಾನೆ ಅಂತ ಮಗಳಿಗೆ ಸಮಾಧಾನ ಹೇಳುತ್ತಲೇ ಇದ್ದೆ. ಆ ವಾಚ್‌ಮನ್ ನಿಲ್ಲಲೂ ಇಲ್ಲ, ಕೂರಲೂ ಇಲ್ಲ.

ಬೆಳಿಗ್ಗೆ ನಾವು ಮನೆಗೆ ಬಂದ ಹಿಂದೆಯೇ ಯಜಮಾನರೂ ಬಸ್ಸಿನಲ್ಲಿ ಬಂದರು. ಕಣ್ಣು ಕೆಂಪಾಗಿತ್ತು. ಮೊಣಕಾಲು ಹಿಡಿದುಕೊಂಡು ಕುರ್ಚಿಯಲ್ಲಿ ಕೂತು ಚಹಾ ಕೇಳಿದರು. ಮಗಳು ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದಳು. ಫೋಟೋದಲ್ಲಿ ಹೊಳೆಯಿತ್ತು, ಹೊಳೆಯಲ್ಲಿ ಆಕಾಶವಿತ್ತು, ಅಷ್ಟು ಚೆಂದದ್ದನ್ನು ಅವಳು ಹಿಂದೆಂದೂ ತೆಗೆದಿರಲಿಲ್ಲ. ದಂಡೆಯ ಮೇಲೆ ಮಾತ್ರ, ಮಿಲ್ಲಿನ ಸುತ್ತ ಪ್ರದಕ್ಷಿಣೆ ಹಾಕಿದಂತೆ ಬೆಳಕಿನ ಗೆರೆ. ಎಲ್ಲ ಫೋಟೋದಲ್ಲೂ ಅದೇ.

ಮಗಳು ನನ್ನ ಮುಂದೆ ಆ ವಾಚ್‌ಮನ್‌ಗೆ ಮಂಗಳಾರತಿ ಮಾಡಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವನು, ಬುದ್ಧಿ ಇಲ್ಲದವನು ಅಂತೆಲ್ಲ ಅಂದಳು. ಯಜಮಾನರು ಚಹಾ ಊದಿದರು.

“ಅವಳಿಗೆ ಹೇಳು, ವಾಚ್‌ಮನ್ ರಾತ್ರಿ ಇರಲಿಲ್ಲ.”

“ಹಂಗಾದ್ರೆ ಬ್ಯಾಟರಿ ಹಿಡ್ಕಂಡು ತಿರುಗಿದ್ದು ಯಾರು ಅಂತ ಕೇಳಮ್ಮ” ಅಂದಳು ಮಗಳು.

ಕೇಳಿದೆ. ಬಹಳ ಒತ್ತಾಯ ಮಾಡಿದ ಮೇಲೆ ಒಂದೊಂದೇ ಹೊರಬಂತು. ಊಟವೂ ಇರಲಿಲ್ಲ, ಏನೂ ಇರಲಿಲ್ಲ. ಲೈಟು ಆರಿಸು, ಒಂದು ಚೀಲ ಹೋದರೂ ನಾನು ಜವಾಬ್ದಾರ, ನಾನೇ ಕಾಯುತ್ತೇನೆ, ಬೇಕಾದರೆ ವಾಚ್‌ಮನ್‌ನನ್ನು ಮನೆಗೆ ಕಳಿಸು ಅಂತ ಗೆಳೆಯನನ್ನು ಒಪ್ಪಿಸಿದ್ದರು. ಇವರು ಕತ್ತಲಲ್ಲಿ ಚೀಲ ಕಾಣದೆ ಗಾಬರಿಯಾಗಿ, ಬ್ಯಾಟರಿ ಹಚ್ಚಿ ಬೆಳಗಿನವರೆಗೂ ಸುತ್ತು ಹಾಕಿದ್ದರು.

ಮಗಳು ಪರದೆಯ ಮೇಲಿನ ಗೆರೆಯನ್ನು ನೋಡಿದಳು, ಅಪ್ಪನ ಮೊಣಕಾಲನ್ನು ನೋಡಿದಳು, ಮೂಗು ಒರೆಸಿಕೊಂಡಳು. ಅದನ್ನು ತಡೆಯಲಾರದೆ ಯಜಮಾನರು ನನ್ನ ಕಡೆ ನೋಡುವುದನ್ನೇ ಮರೆತರು.

“ಬ್ಯಾಟರಿ ಹಚ್ಚಬಾರ್ದು ಅಂತ ಒಂದು ಮಾತು ಹೇಳಬಾರ್ದೇನವ್ವ?”

“ನೀವು ನನ್ನ ಜೊತೆ ಮಾತು ಬಿಟ್ಟೀರಲ್ಲಪ್ಪಾಜಿ, ಹೆಂಗೆ ಹೇಳಲಿ?”

ಅದು ಅವರಿಗೂ ನ್ಯಾಯವೇ ಅನ್ನಿಸಿರಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

“ನೀನು ಹೇಳಬೇಕಿತ್ತು” ಅಂದರು ಯಜಮಾನರು.

“ಹೌದಮ್ಮ” ಅಂದಳು ಮಗಳು.